ನಿಯಮ 60 ಕೇಳಿದರೆ 69 ಸಿಗುವುದೇಕೆ? ಸುವರ್ಣ ವಿಧಾನಸೌಧದಲ್ಲಿ ಕಳೆದ ಆರು ವಾರ

ಶಹಾಪುರದ ಕಾನೂನು ವಿದ್ಯಾರ್ಥಿನಿ:

ನಾನು ಬೆಳಗಾವಿಯ ಶಹಾಪುರದವಳು, ಇಲ್ಲಿಯೇ ಐದು ವರ್ಷದ ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿದ್ದೇನೆ. ಕಳೆದ ಚಳಿಗಾಲದ ಅಧಿವೇಶನಕ್ಕೆ ಎರಡು ವಾರ ಮೊದಲು ಸೇರಿ, ಅಧಿವೇಶನ ಮುಗಿದ ಮೇಲೂ ಎರಡು ವಾರ ಉಳಿದು, ಒಟ್ಟು ಆರು ವಾರ ಶಾಸಕರೊಬ್ಬರ ಬಳಿ ಇಂಟರ್ನ್ ಆಗಿದ್ದೆ. ಅವರ ಹೆಸರಾಗಲಿ ಪಕ್ಷವಾಗಲಿ ಇಲ್ಲಿ ಬೇಡ. ಭಾಷಣ ಬರೆದುಕೊಡುವ ಕೆಲಸವನ್ನು ನನಗೆ ಕೊಟ್ಟಿರಲಿಲ್ಲ. ವಹಿಸಿದ್ದು ಒಂದೇ ಕೆಲಸ: ಬೆಳಗಾವಿಯಲ್ಲಿ ನಡೆದ ಅಧಿವೇಶನಗಳ ನಡವಳಿಗಳನ್ನು, ಅಂದರೆ ಸದನದ ಮಾತುಕತೆಯ ದಾಖಲೆಗಳನ್ನು ಓದಿ, ಉತ್ತರ ಕರ್ನಾಟಕದ ವಿಷಯಗಳು ಯಾವ ನಿಯಮದ ಅಡಿ ವಿಧಾನಸಭೆಗೆ ಬಂದವು, ಯಾವ ರೂಪದಲ್ಲಿ ಮುಗಿದವು ಎಂದು ಗುರುತಿಸುವುದು.

ಮೊದಲ ದಿನ ಅದು ಗುಮಾಸ್ತರ ಕೆಲಸದಂತೆ ಕಂಡಿತು. ಎರಡನೆಯ ವಾರದ ಹೊತ್ತಿಗೆ ರಾತ್ರಿ ಮಲಗಿದರೂ ಅದೇ ಯೋಚನೆ.

ಕಾರಣ ಹೇಳುತ್ತೇನೆ. ಪತ್ರಿಕೆಯಲ್ಲಿ ನಾವೆಲ್ಲ ಓದುವ ಸಾಲು ಒಂದಿದೆ: 'ನಿಲುವಳಿ ಸೂಚನೆಯನ್ನು ನಿಯಮ 69ಕ್ಕೆ ಪರಿವರ್ತಿಸಿ ಚರ್ಚೆಗೆ ಅವಕಾಶ ನೀಡಲಾಯಿತು.' ನಾನೂ ಎಷ್ಟೋ ಸಲ ಓದಿ ಮುಂದಿನ ಸುದ್ದಿಗೆ ಹೋಗಿದ್ದೆ. ಆ ಒಂದು ಸಾಲಿನಲ್ಲಿ ಎಷ್ಟು ದೊಡ್ಡ ವಸ್ತು ಕೈಬದಲಾಗುತ್ತದೆ ಎಂದು ತಿಳಿದಿರಲಿಲ್ಲ. ನಿಯಮ 60 ನಿಲುವಳಿ ಸೂಚನೆಯದು. ಆ ದಿನದ ಕಾರ್ಯಕಲಾಪಗಳ ಪಟ್ಟಿಯನ್ನೇ ಬದಿಗಿಟ್ಟು ಈ ವಿಷಯ ಮೊದಲು ಚರ್ಚೆಯಾಗಲಿ ಎಂದು ಸದಸ್ಯರು ಕೇಳುವುದು ಅದರ ಅಡಿಯಲ್ಲಿ. ಅದರಲ್ಲಿ ಸರ್ಕಾರದ ಮೇಲಿನ ಖಂಡನೆಯ ದನಿ ಇರುತ್ತದೆ, ಕೊನೆಗೆ ಸದನ ತನ್ನ ತೀರ್ಮಾನ ಹೇಳಬೇಕಾಗುತ್ತದೆ. ನಿಯಮ 69 ತುರ್ತು ಮಹತ್ವದ ಸಾರ್ವಜನಿಕ ವಿಷಯದ ಅಲ್ಪಾವಧಿ ಚರ್ಚೆ. ಅಲ್ಲಿ ಸದಸ್ಯರು ಮಾತನಾಡುತ್ತಾರೆ, ಸಚಿವರು ಉತ್ತರ ಕೊಡುತ್ತಾರೆ. ಮತಕ್ಕೆ ಹಾಕುವ ಮಾತಿಲ್ಲ.

ಗ್ಯಾಲರಿಯಲ್ಲಿ ಕುಳಿತು ಇದನ್ನು ಕಣ್ಣಾರೆ ನೋಡಿದೆ. ಪ್ರಶ್ನೋತ್ತರ ಕಲಾಪ ಮುಗಿಯಿತು. ವಿರೋಧ ಪಕ್ಷದವರು ಎದ್ದು ನಿಲುವಳಿ ಸೂಚನೆಯ ಪ್ರಸ್ತಾಪ ಮಾಡಿದರು. ಸರ್ಕಾರದ ಕಡೆಯವರು ಇದು ನಿಯಮ 60ರ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಸ್ವಲ್ಪ ಗದ್ದಲ. ಆಮೇಲೆ ಸಭಾಧ್ಯಕ್ಷರ ಪೀಠದಿಂದ ತೀರ್ಮಾನ ಬಂತು: 69ರ ಅಡಿ ಅವಕಾಶ. ಎರಡೂ ಕಡೆಯವರು ಕುಳಿತರು. ಕೇಳಿದವರಿಗೆ ಮಾತನಾಡಲು ಸಮಯ ಸಿಕ್ಕಿತು, ಸರ್ಕಾರಕ್ಕೆ ಮತದ ಗೊಡವೆ ತಪ್ಪಿತು.

ನಿಲುವಳಿ ಸೂಚನೆಗೆ ವಿಷಯ ನಿರ್ದಿಷ್ಟವಾಗಿರಬೇಕು, ತುರ್ತಿನದಾಗಿರಬೇಕು, ಇತ್ತೀಚೆಗೆ ನಡೆದದ್ದಾಗಿರಬೇಕು. ನಮ್ಮ ಭಾಗದ ನೋವುಗಳ ಪಟ್ಟಿ ಮಾಡಿ ನೋಡಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತ, ಮಹದಾಯಿ, ಮುಳುಗಡೆ ಸಂತ್ರಸ್ತರ ಪುನರ್ವಸತಿ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ ವರದಿ ಕೊಟ್ಟಿದ್ದು 2002ರಲ್ಲಿ. ಇವುಗಳಲ್ಲಿ ಯಾವುದು 'ಇತ್ತೀಚಿನದು'? ನಿನ್ನೆ ಬಿದ್ದ ಗೋಡೆಗೆ ಆ ನಿಯಮದಲ್ಲಿ ಜಾಗವಿದೆ. ಇಪ್ಪತ್ತು ವರ್ಷದಿಂದ ಬಿರುಕು ಬಿಡುತ್ತಿರುವ ಗೋಡೆಗೆ ಇಲ್ಲ. ಆರು ವಾರದಲ್ಲಿ ನನ್ನನ್ನು ಬಹಳ ಕಾಡಿದ್ದು ಇದೇ.

ಸಂಖ್ಯೆಗಳನ್ನು ಇಲ್ಲಿ ಹಾಕುವುದಿಲ್ಲ, ಆ ಪಟ್ಟಿ ಶಾಸಕರ ಕಚೇರಿಗೆ ಸೇರಿದ್ದು. ಆದರೆ ನಡವಳಿಗಳು ಸಾರ್ವಜನಿಕ ದಾಖಲೆಗಳು, ವಿಧಾನಸಭೆಯ ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳ ವಿದ್ಯಾರ್ಥಿಗಳು ಈ ಕೆಲಸಕ್ಕೆ ಬರಬೇಕು ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಏನು ಬೇಕಾದರೂ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ವಿಜಯಪುರದ ಎಂ.ಎ. ವಿದ್ಯಾರ್ಥಿನಿ:

ಅಕ್ಕ, ನಾನು ರಾಜ್ಯಶಾಸ್ತ್ರದವಳು. ನಿಯಮಗಳ ಹೆಸರು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ, ಹೀಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಪ್ರಶ್ನೆಗಳು ಸಣ್ಣವು. ಅರ್ಜಿ ಹೇಗೆ ಹಾಕಿದಿರಿ? ಹಣ ಕೊಡುತ್ತಾರೆಯೇ? ಅಧಿವೇಶನದ ಸಮಯದಲ್ಲಿ ಬೆಳಗಾವಿಯಲ್ಲಿ ಉಳಿಯಲು ಹೆಣ್ಣುಮಕ್ಕಳಿಗೆ ಜಾಗ ಸಿಗುತ್ತದೆಯೇ? ಮನೆಯಲ್ಲಿ ಅಪ್ಪ ಕೇಳುವುದು ಈ ಮೂರನ್ನೇ.

ಶಹಾಪುರದ ಕಾನೂನು ವಿದ್ಯಾರ್ಥಿನಿ:

ತಂಗಿ, ಅಪ್ಪ ಕೇಳುವುದು ಸರಿಯಾಗಿಯೇ ಇದೆ. ನಾನು ಯಾವ ಜಾಹೀರಾತನ್ನೂ ನೋಡಿ ಹೋಗಲಿಲ್ಲ. ಕಾಲೇಜಿನ ಅಧ್ಯಾಪಕರಿಂದ ಒಂದು ಪತ್ರ ಬರೆಸಿಕೊಂಡು, ನಾನೇ ಬರೆದ ಎರಡು ಪುಟದ ಟಿಪ್ಪಣಿಯನ್ನು ಅದರ ಜೊತೆಗಿಟ್ಟು ಶಾಸಕರ ಕ್ಷೇತ್ರದ ಕಚೇರಿಗೆ ಹೋದೆ. ಅವರ ಆಪ್ತ ಸಹಾಯಕರು ಟಿಪ್ಪಣಿ ಓದಿ ಒಳಗೆ ಕಳಿಸಿದರು. 'ಅವಕಾಶ ಕೊಡಿ' ಎಂಬ ಅರ್ಜಿ ಅವರ ಮೇಜಿನ ಮೇಲೆ ದಿನಕ್ಕೆ ಹತ್ತು ಬರುತ್ತವೆ. 'ನಿಮ್ಮ ಕ್ಷೇತ್ರದ ಈ ವಿಷಯವನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ (ಸಚಿವರು ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸುವ ಪ್ರಶ್ನೆ) ಹೀಗೆ ಕೇಳಬಹುದು' ಎಂದು ಬರೆದುಕೊಂಡು ಹೋದರೆ ಕುಳಿತು ಮಾತನಾಡಿಸುತ್ತಾರೆ.

ಹಣ ಸಿಗಲಿಲ್ಲ. ಬಸ್ ಪಾಸ್ ಮತ್ತು ಊಟ ಅಷ್ಟೇ. ನನಗೆ ಮನೆ ಇಲ್ಲೇ ಇದ್ದುದರಿಂದ ನಡೆಯಿತು. ದೂರದಿಂದ ಬರುವ ಬಡ ಮನೆಯ ಹುಡುಗ ಹುಡುಗಿಯರಿಗೆ ಇದು ದೊಡ್ಡ ಅಡ್ಡಿ, ಹಣ ಕೊಡದಿರುವುದು ಸರಿ ಎಂದು ನಾನು ಒಪ್ಪುವುದಿಲ್ಲ. ಅಧಿವೇಶನದ ಎರಡು ವಾರ ಊರಿನ ಲಾಡ್ಜ್‌ಗಳೆಲ್ಲ ಬೆಂಗಳೂರಿನಿಂದ ಬಂದ ಅಧಿಕಾರಿಗಳು, ಸಿಬ್ಬಂದಿ, ಪೊಲೀಸರಿಂದ ತುಂಬಿರುತ್ತವೆ. ನೆಂಟರ ಮನೆ ಅಥವಾ ಹಾಸ್ಟೆಲ್‌ನ ಗೆಳತಿಯರನ್ನು ಒಂದು ತಿಂಗಳು ಮೊದಲೇ ಕೇಳಿಟ್ಟುಕೊ. ಹೋಗುವಾಗ ಹಿರೇಬಾಗೇವಾಡಿ ಕಡೆಯ ಬಸ್ ಹತ್ತಿ ಹಲಗಾದಲ್ಲಿ ಇಳಿಯಬೇಕು. ಭದ್ರತಾ ತಪಾಸಣೆಗೆ ಅರ್ಧ ಗಂಟೆ ಮೊದಲೇ ಹೋಗು, ಪಾಸ್ ಇಲ್ಲದಿದ್ದರೆ ಗೇಟಿನಿಂದಲೇ ಹಿಂದಿರುಗಬೇಕಾಗುತ್ತದೆ. ಸ್ವೆಟರ್ ಮರೆಯಬೇಡ. ಡಿಸೆಂಬರ್‌ನಲ್ಲಿ ಆ ಬಯಲಿನ ಗಾಳಿ ಕೊರೆಯುತ್ತದೆ.

ಬಸ್ತವಾಡದ ಭತ್ತದ ರೈತ:

ತಂಗಿ, ನೀನು ಒಳಗೆ ಕುಳಿತು ನೋಡಿದ್ದೀಯಾ, ನಾನು ಹೊರಗೆ ಕುಳಿತು ನೋಡಿದ್ದೇನೆ. ಪ್ರತಿ ಅಧಿವೇಶನಕ್ಕೂ ಸೌಧದ ಹತ್ತಿರದ ಬಸ್ತವಾಡ, ಕೊಂಡಸಕೊಪ್ಪದ ಬಯಲಿನಲ್ಲಿ ಪ್ರತಿಭಟನೆಯ ಟೆಂಟ್ ಹಾಕುತ್ತಾರೆ. ಕಬ್ಬಿನ ಬೆಲೆಗೆ ಒಂದು ಟೆಂಟ್, ಅಂಗನವಾಡಿಯವರದು ಒಂದು, ಅತಿಥಿ ಉಪನ್ಯಾಸಕರದು ಇನ್ನೊಂದು. ಸಚಿವರು ಬರುತ್ತಾರೆ, ಮನವಿ ಪತ್ರ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ನಮ್ಮ ಊರ ಪಕ್ಕದ ಹಳ್ಳ ಬಳ್ಳಾರಿ ನಾಲಾದ ನೀರು ಮಳೆಗಾಲದಲ್ಲಿ ನಮ್ಮ ಗದ್ದೆಗೆ ನುಗ್ಗುವುದು ಇವತ್ತಿನ ಮಾತಲ್ಲ. ಯಳ್ಳೂರು, ವಡಗಾವಿ, ಹಲಗಾ, ನಮ್ಮ ಊರು, ಎಲ್ಲರದೂ ಅದೇ ಗೋಳು. ನಾಟಿ ಮಾಡಿದ ಭತ್ತ ಕೊಳೆತು ಎರಡನೆಯ ಸಲ ನಾಟಿ ಮಾಡಿದ ವರ್ಷಗಳಿವೆ. 60 ಆದರೇನು, 69 ಆದರೇನು, ನೀರು ನಿಯಮ ನೋಡಿಕೊಂಡು ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ನೀನು ಕಲಿತಿದ್ದರಿಂದ ನನ್ನ ಗದ್ದೆಗೆ ಏನಾಗುತ್ತದೆ?

ನವನಗರದ ವಕೀಲ, ಬಾಗಲಕೋಟೆ:

ರೈತ ಬಂಧುವಿನ ಪ್ರಶ್ನೆಗೆ ವಿದ್ಯಾರ್ಥಿನಿಯೇ ಉತ್ತರ ಕೊಡಲಿ. ನನ್ನ ತಕರಾರು ಮೂಲ ಬರಹದ ಬಗ್ಗೆ.

ಹಳೆಯ ಸಮಸ್ಯೆಗೆ ನಿಯಮ 60ರಲ್ಲಿ ಜಾಗವಿಲ್ಲ ಎಂದು ನಿಯಮವನ್ನು ದೂರುವುದು ಸರಿಯಲ್ಲ. ಆ ನಿಯಮ ಇರುವುದೇ ಹಠಾತ್ತನೆ ಎದುರಾದ ವಿಷಯಕ್ಕೆ. ಮುಳುಗಡೆಯಂಥ ವಿಷಯಕ್ಕೆ ಬೇರೆ ದಾರಿಗಳಿವೆ: ನಿರ್ಣಯ ಮಂಡಿಸಬಹುದು, ಅರ್ಧ ಗಂಟೆ ಚರ್ಚೆ ಕೇಳಬಹುದು, ನಿಯಮ 73ರ ಅಡಿ ಗಮನ ಸೆಳೆಯಬಹುದು, ಅರ್ಜಿಗಳ ಸಮಿತಿಗೆ ಜನರೇ ಹೋಗಬಹುದು, ಸದನ ಸಮಿತಿ ರಚಿಸಿ ಎಂದು ಒತ್ತಾಯಿಸಬಹುದು. ಇವು ಯಾವುದೂ ಮರುದಿನದ ಮುಖಪುಟಕ್ಕೆ ಬರುವುದಿಲ್ಲ, ಆದ್ದರಿಂದ ಸದಸ್ಯರು ಮೊದಲು 60 ಎನ್ನುತ್ತಾರೆ. 69ಕ್ಕೆ ಇಳಿಯುತ್ತದೆ ಎಂದು ಗೊತ್ತಿದ್ದೇ ಕೇಳುತ್ತಾರೆ. ತಪ್ಪು ಮದ್ದು ಕೇಳಿ, ಅಂಗಡಿಯವನು ಕೊಡಲಿಲ್ಲ ಎಂದರೆ ಹೇಗೆ? ನಾನು ಮುಳುಗಡೆಯಾದ ಹಳೆಯ ಬಾಗಲಕೋಟೆಯಲ್ಲಿ ಹುಟ್ಟಿ ನವನಗರಕ್ಕೆ ಬಂದವನು. ಆಲಮಟ್ಟಿ ಅಣೆಕಟ್ಟೆಯ ಮಟ್ಟ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಬೇಕೆಂಬ ಮಾತನ್ನು ಎಷ್ಟು ಅಧಿವೇಶನಗಳಲ್ಲಿ ಕೇಳಿದ್ದೇನೆ ಎಂದರೆ ಆ ಎರಡು ಸಂಖ್ಯೆಗಳು ನನ್ನ ಮಕ್ಕಳಿಗೂ ಬರುತ್ತವೆ. ಚರ್ಚೆಗೆ ಕೊರತೆಯಾಗಿಲ್ಲ, ಬೆನ್ನು ಹತ್ತುವವರ ಕೊರತೆಯಾಗಿದೆ.

ಇನ್ನೊಂದು. ಸದನದ ಕಾರ್ಯವಿಧಾನದಲ್ಲಿ ಲೋಪವಾಯಿತು ಎಂಬ ಕಾರಣಕ್ಕೆ ನ್ಯಾಯಾಲಯಕ್ಕೆ ಹೋಗಲು ಸಂವಿಧಾನದ 212ನೆಯ ವಿಧಿ ಬಿಡುವುದಿಲ್ಲ. ಕಾನೂನು ವಿದ್ಯಾರ್ಥಿಗಳು ಇದನ್ನು ಮರೆಯಬಾರದು. ಸಭಾಧ್ಯಕ್ಷರು 60 ಕೊಡಲಿಲ್ಲವೆಂದು ಹೈಕೋರ್ಟ್‌ನ ಧಾರವಾಡ ಪೀಠದ ಮೆಟ್ಟಿಲು ಹತ್ತಲಾಗದು.

ಗೋಕಾಕದವನು, ಈಗ ಬೆಂಗಳೂರಿನಲ್ಲಿ:

ವಕೀಲರ ಮಾತಿಗೆ ಸಣ್ಣ ಸೇರ್ಪಡೆ. 212 ಇದೆ ನಿಜ, ಆದರೆ ಸಭಾಧ್ಯಕ್ಷರ ಎಲ್ಲ ತೀರ್ಮಾನಗಳಿಗೂ ಅದು ಗುರಾಣಿಯಲ್ಲ. ನಮ್ಮ ಜಿಲ್ಲೆಯ ಕಾಗವಾಡದ ಅಂದಿನ ಶಾಸಕರ ಹೆಸರಿನಲ್ಲೇ ದೊಡ್ಡ ತೀರ್ಪೊಂದಿದೆ. 2019ರ ಜುಲೈನಲ್ಲಿ 17 ಶಾಸಕರನ್ನು ಸಂವಿಧಾನದ ಹತ್ತನೆಯ ಅನುಸೂಚಿಯ (ಪಕ್ಷಾಂತರ ನಿಷೇಧ) ಅಡಿ ಅನರ್ಹಗೊಳಿಸಲಾಯಿತು. ಅದೇ ವರ್ಷ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಅಷ್ಟು ಕಾಲ ಎಂದು ಅವಧಿ ನಿಗದಿ ಮಾಡುವ ಅಧಿಕಾರ ಸಭಾಧ್ಯಕ್ಷರಿಗಿಲ್ಲ ಎಂದಿತು. ಅನರ್ಹತೆಯ ಅರ್ಜಿ ತೀರ್ಮಾನಿಸುವಾಗ ಸಭಾಧ್ಯಕ್ಷರು ನ್ಯಾಯಮಂಡಳಿಯ ಸ್ಥಾನದಲ್ಲಿರುತ್ತಾರೆ. ಕಲಾಪ ನಡೆಸುವಾಗ ಅವರದು ಬೇರೆಯೇ ಸ್ಥಾನ.

ನಾನು ದೆಹಲಿಯಲ್ಲಿ ಒಂದು ವರ್ಷ ಸಂಸದರೊಬ್ಬರ ಜೊತೆ ಲ್ಯಾಂಪ್ ಫೆಲೊಶಿಪ್ ಮಾಡಿದೆ. ಶಾಸನಗಳ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆ ನಡೆಸುವ ಕಾರ್ಯಕ್ರಮ ಅದು, ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ನಡೆಯುತ್ತದೆ, ತಿಂಗಳಿಗೆ ಹಣವನ್ನೂ ಕೊಡುತ್ತಾರೆ. ವಯಸ್ಸು 25 ದಾಟಿರಬಾರದು. ವಿಜಯಪುರದ ತಂಗಿ ಇದನ್ನೂ ಗಮನದಲ್ಲಿ ಇಟ್ಟುಕೊಳ್ಳಲಿ. ಅಲ್ಲಿಯೂ ಇದೇ ಜಗಳ, ಸಂಖ್ಯೆಗಳು ಮಾತ್ರ ಬೇರೆ. ಲೋಕಸಭೆಯಲ್ಲಿ ನಿಯಮ 193ರ ಚರ್ಚೆಗೆ ಮತವಿಲ್ಲ, 184ರ ಚರ್ಚೆಗೆ ಮತವಿದೆ. 2012ರ ನವೆಂಬರ್‌ನಲ್ಲಿ ಚಿಲ್ಲರೆ ವ್ಯಾಪಾರದ ವಿದೇಶಿ ಹೂಡಿಕೆ ಬಗ್ಗೆ 184ರ ಅಡಿಯೇ ಚರ್ಚೆಯಾಗಬೇಕೆಂದು ವಿರೋಧ ಪಕ್ಷಗಳು ದಿನಗಟ್ಟಲೆ ಸದನ ನಡೆಯಗೊಡಲಿಲ್ಲ. ಕೊನೆಗೆ ಡಿಸೆಂಬರ್‌ನಲ್ಲಿ ಮತ ನಡೆಯಿತು, ಸರ್ಕಾರ ಗೆದ್ದಿತು. ಸೋತರೂ ಯಾರು ಯಾವ ಕಡೆ ನಿಂತರು ಎಂಬುದು ದಾಖಲೆಯಲ್ಲಿ ಉಳಿಯಿತು. ಮತದ ಬೆಲೆ ಅಷ್ಟಿದೆ. ವಿದ್ಯಾರ್ಥಿನಿ ಹಿಡಿದ ಎಳೆ ಸರಿಯಾಗಿಯೇ ಇದೆ ಎಂದು ನನ್ನ ಅಭಿಪ್ರಾಯ.

ನಿವೃತ್ತ ವರದಿಗಾರ, ಬೆಳಗಾವಿ:

ಈ ಊರಿನಲ್ಲಿ ಮೊದಲ ಅಧಿವೇಶನ ನಡೆದಿದ್ದು 2006ರ ಸೆಪ್ಟೆಂಬರ್‌ನಲ್ಲಿ, ಕೆಎಲ್‌ಇ ಸಂಸ್ಥೆಯ ಆವರಣದಲ್ಲಿ. ನಾನು ಅಂದು ಪತ್ರಕರ್ತರ ಸಾಲಿನಲ್ಲಿದ್ದೆ. ವೈದ್ಯಕೀಯ ವಿದ್ಯಾರ್ಥಿಗಳು ಓಡಾಡುವ ಜಾಗದಲ್ಲಿ ಮಾರ್ಷಲ್‌ಗಳು ನಿಂತಿದ್ದನ್ನು ನೋಡಿ ಜನ ದಾರಿಯಲ್ಲೇ ನಿಂತು ಬಿಡುತ್ತಿದ್ದರು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದಾಗ, ಇನ್ನು ನಮ್ಮ ಮಾತು ಬೆಂಗಳೂರಿಗೆ ಹೋಗಬೇಕಿಲ್ಲ, ಬೆಂಗಳೂರೇ ಇಲ್ಲಿಗೆ ಬರುತ್ತದೆ ಎಂದು ನಾನು ವರದಿಯಲ್ಲಿ ಬರೆದಿದ್ದೆ. ಆ ನಂಬಿಕೆ ಇಂದಿಗೂ ಇದೆ. ಆದರೆ ಕಡತಗಳು ಲಾರಿಯಲ್ಲಿ ಬಂದು ಲಾರಿಯಲ್ಲೇ ಹೋಗುತ್ತವೆ ಎಂಬ ನೋವೂ ಇದೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯ ಹೇಳುತ್ತೇನೆ. ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಎಂದು 2005ರಲ್ಲಿ ಕರ್ನಾಟಕವೇ ಕಾನೂನು ಮಾಡಿಕೊಂಡಿದೆ. ಆಮೇಲೆ ಹಲವು ವರ್ಷ ಆ ಗುರಿ ಮುಟ್ಟಿಲ್ಲ. ಸಂವಿಧಾನ ಕೇಳುವುದು ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂದಷ್ಟೇ. ಕೋರಂ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಾತಿ ಕೂಡ ಹಾಗೆಯೇ. 224 ಸದಸ್ಯರ ಸದನಕ್ಕೆ ಹತ್ತನೆಯ ಒಂದು ಭಾಗ, ಅಂದರೆ 23 ಜನ ಇದ್ದರೆ ಸಾಕು. ಬೆಳಗಾವಿ ಅಧಿವೇಶನದ ಕೊನೆಯ ಮಧ್ಯಾಹ್ನ ನಮ್ಮ ಭಾಗದ ವಿಷಯ ಚರ್ಚೆಗೆ ಬಂದಾಗ ಕೋರಂ ಗಂಟೆ ಬಾರಿಸುವುದನ್ನು ನಾನು ಪತ್ರಕರ್ತರ ಸಾಲಿನಿಂದ ಕೇಳಿದ್ದೇನೆ. ಊರಿಗೆ ಹೊರಟವರ ಕಾರುಗಳು ಅಷ್ಟು ಹೊತ್ತಿಗೆ ಹೆದ್ದಾರಿಯಲ್ಲಿರುತ್ತಿದ್ದವು. ಆ ಗಂಟೆಯ ಸದ್ದು ಕೇಳಿ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಆದ್ದರಿಂದ ಯಾವ ನಿಯಮದ ಅಡಿ ಎಂದು ಬರೆದುಕೊಳ್ಳುವವರು, ಅಧಿವೇಶನದ ಎಷ್ಟನೆಯ ದಿನ, ಎಷ್ಟು ಗಂಟೆಗೆ ಎಂಬುದನ್ನೂ ಬರೆದುಕೊಳ್ಳಿ. ಬಹಳ ಸಲ ಉತ್ತರ ಅಲ್ಲಿರುತ್ತದೆ.

ಶಹಾಪುರದ ಕಾನೂನು ವಿದ್ಯಾರ್ಥಿನಿ:

ಸರ್, ದಿನ ಮತ್ತು ಸಮಯದ ಅಂಕಣ ನನ್ನ ಪಟ್ಟಿಯಲ್ಲಿ ಇರಲಿಲ್ಲ. ನಡವಳಿಗಳಲ್ಲಿ ಸಮಯ ನಮೂದಾಗಿರುತ್ತದೆ, ಆದ್ದರಿಂದ ಸೇರಿಸಬಹುದು. ಸೇರಿಸುತ್ತೇನೆ.

ವಕೀಲರೇ, ನೀವು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ಬೇರೆ ದಾರಿಗಳಿವೆ, ಸದಸ್ಯರು ಅವುಗಳನ್ನು ಬಳಸುವುದು ಕಡಿಮೆ. ಆದರೆ ಖಾಸಗಿ ಸದಸ್ಯರ (ಸಚಿವರಲ್ಲದ ಸದಸ್ಯರ) ನಿರ್ಣಯಕ್ಕೆ ಎರಡು ವಾರದ ಅಧಿವೇಶನದಲ್ಲಿ ಸರದಿ ಬರುವುದೇ ಕಷ್ಟ. ಸರ್ಕಾರದ ವಿಧೇಯಕಗಳು ಸಾಲುಗಟ್ಟಿ ಕಾಯುತ್ತಿರುತ್ತವೆ, ಗದ್ದಲದಲ್ಲಿ ಎರಡು ದಿನ ಹೋದರೆ ಮೊದಲು ಕತ್ತರಿ ಬೀಳುವುದು ಖಾಸಗಿ ಸದಸ್ಯರ ಸಮಯಕ್ಕೆ. ಮದ್ದಿನಂಗಡಿಯ ಬಾಗಿಲು ತೆರೆದಿರುವುದೇ ಸ್ವಲ್ಪ ಹೊತ್ತು ಎಂದಾದಾಗ, ಕಣ್ಣಿಗೆ ಬಿದ್ದ ಮದ್ದನ್ನು ಕೇಳುವವರ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ.

ಈಗ ರೈತ ಕಾಕಾ ಅವರ ಪ್ರಶ್ನೆ. ಈ ಇಡೀ ಇಂಟರ್ನ್‌ಶಿಪ್‌ನಲ್ಲಿ ನಾನು ಕಲಿತ ಅತ್ಯಂತ ಉಪಯೋಗದ ವಿಷಯ ಅದಕ್ಕೇ ಸಂಬಂಧಿಸಿದೆ, ಮೂಲ ಬರಹದಲ್ಲಿ ಅದನ್ನು ಬಿಟ್ಟಿದ್ದು ತಪ್ಪಾಯಿತು.

ಕಾಕಾ, ಸಚಿವರು ಟೆಂಟ್‌ಗೆ ಬಂದು ಹೇಳಿದ ಮಾತಿಗೂ ಸದನದಲ್ಲಿ ನಿಂತು ಹೇಳಿದ ಮಾತಿಗೂ ಭೂಮಿ ಆಕಾಶದಷ್ಟು ವ್ಯತ್ಯಾಸವಿದೆ. ಟೆಂಟ್‌ನಲ್ಲಿ ಹೇಳಿದ್ದಕ್ಕೆ ಸಾಕ್ಷಿ ನೀವು ಮಾತ್ರ. ಸದನದಲ್ಲಿ ಹೇಳಿದ್ದನ್ನು ಶೀಘ್ರಲಿಪಿಕಾರರು ಸರದಿಯಂತೆ ಕುಳಿತು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳುತ್ತಾರೆ. 'ಪರಿಶೀಲಿಸುತ್ತೇವೆ', 'ಕ್ರಮ ಕೈಗೊಳ್ಳುತ್ತೇವೆ', 'ವರದಿ ತರಿಸಿಕೊಳ್ಳುತ್ತೇವೆ' ಎಂದು ಸಚಿವರು ಅಲ್ಲಿ ಹೇಳಿದರೆ ಅದು ಸರ್ಕಾರದ ಭರವಸೆ. ನಾವು ಅದನ್ನು ಜಾರಿಕೊಳ್ಳುವ ಮಾತು ಎಂದುಕೊಳ್ಳುತ್ತೇವೆ. ಸದನದ ಲೆಕ್ಕದಲ್ಲಿ ಅದು ಸಾಲದ ಚೀಟಿ. ಎರಡೂ ಸದನಗಳಲ್ಲಿ ಭರವಸೆಗಳ ಸಮಿತಿಗಳಿವೆ. ಕೊಟ್ಟ ಭರವಸೆ ಈಡೇರಿತೇ, ಇಲ್ಲದಿದ್ದರೆ ಏಕೆ ಎಂದು ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೇಳುವುದೇ ಅವುಗಳ ಕೆಲಸ.

ನಿಯಮ 69ರ ಚರ್ಚೆಯಲ್ಲಿ ಮತ ಹೋಯಿತು ಎಂದು ನಾನು ಮೊದಲ ವಾರ ಕುದಿಯುತ್ತಿದ್ದೆ. ಅಲ್ಲಿಯೇ ಇದ್ದ ಹಿರಿಯ ಸಿಬ್ಬಂದಿಯೊಬ್ಬರು, 'ಚರ್ಚೆ ಓದಬೇಡ, ಸಚಿವರ ಉತ್ತರದ ಕೊನೆಯ ಎರಡು ಪುಟ ಓದು' ಎಂದರು. ಆಮೇಲೆ ನಾನು ಹಾಗೆಯೇ ಓದಿದೆ. ಪುಟದಿಂದ ಪುಟಕ್ಕೆ ಭರವಸೆಗಳು ಸಿಗತೊಡಗಿದವು. ಊರಿನ ಹೆಸರು, ಕಾಲುವೆಯ ಹೆಸರು, ಎಷ್ಟು ತಿಂಗಳಲ್ಲಿ ಎಂಬ ಮಾತು, ಎಲ್ಲ ಇತ್ತು. ಅವುಗಳನ್ನು ಹೊರಗೆ ಯಾರೂ ಎಣಿಸುತ್ತಿರಲಿಲ್ಲ, ಅಷ್ಟೇ. ನನ್ನ ಕೆಲಸದ ಕೊನೆಯ ಎರಡು ವಾರ ಅದರಲ್ಲೇ ಹೋಯಿತು.

ಗೋಕಾಕದವನು, ಈಗ ಬೆಂಗಳೂರಿನಲ್ಲಿ:

ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಲೋಕಸಭೆಯಲ್ಲಿ ಭರವಸೆಗಳ ಸಮಿತಿ ಮೊದಲು ರಚನೆಯಾಗಿದ್ದು 1953ರ ಡಿಸೆಂಬರ್‌ನಲ್ಲಿ. 15 ಸದಸ್ಯರ ಸಮಿತಿ ಅದು. ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಸಚಿವಾಲಯ ಸಮಿತಿಯ ಬಳಿ ಹೆಚ್ಚಿನ ಕಾಲಾವಕಾಶ ಕೇಳಬೇಕು. ಯಾವ ಯಾವ ಮಾತುಗಳು ಭರವಸೆ ಎನಿಸಿಕೊಳ್ಳುತ್ತವೆ ಎಂಬ ಪಟ್ಟಿಯೇ ಇದೆ. 'ವಿಷಯ ಪರಿಶೀಲನೆಯಲ್ಲಿದೆ' ಎಂಬುದೂ ಅದರಲ್ಲಿದೆ. ಸಂಸದರ ಜೊತೆ ಕೆಲಸ ಮಾಡುವಾಗ ಹೊಸ ಪ್ರಶ್ನೆ ಕೇಳುವುದಕ್ಕಿಂತ ಹಳೆಯ ಭರವಸೆಯ ದಿನಾಂಕ ಹೇಳಿ ಕೇಳಿದ ಪ್ರಶ್ನೆಗೆ ಗಟ್ಟಿ ಉತ್ತರ ಬರುತ್ತಿತ್ತು.

ವಿಧಾನ ಪರಿಷತ್ತಿನ ದಾರಿಯನ್ನೂ ನೋಡಿ. ವಿಧಾನಸಭೆ ಐದು ವರ್ಷಕ್ಕೆ ವಿಸರ್ಜನೆಯಾಗುತ್ತದೆ. 75 ಸದಸ್ಯರ ಪರಿಷತ್ತು ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತಿಯಾಗುತ್ತದೆ. ಚುನಾವಣೆ ಬಂದು ಸರ್ಕಾರ ಬದಲಾದರೂ ಅಲ್ಲಿ ಅದೇ ಸದಸ್ಯರು ಅದೇ ಪ್ರಶ್ನೆ ಹಿಡಿದು ಕುಳಿತಿರಬಹುದು. ಅಲ್ಲಿ ನಿಯಮಗಳ ಸಂಖ್ಯೆ ಬೇರೆ, ನಿಲುವಳಿಗೆ 59, ಅಲ್ಪಾವಧಿ ಚರ್ಚೆಗೆ 68, ವಿಶೇಷ ಪ್ರಸ್ತಾಪಕ್ಕೆ 330.

ಹುನಗುಂದದ ಇತಿಹಾಸ ಮೇಷ್ಟ್ರು:

ಮಕ್ಕಳೇ, ಸ್ವಲ್ಪ ಹಿಂದಿನ ಕಥೆ ಹೇಳಲು ಬಿಡಿ. ಸದನದ ನಿಯಮ ಎಂದರೆ ಬೆಂಗಳೂರಿನವರ ವಿದ್ಯೆ ಎಂಬ ಅಳುಕು ನಮ್ಮ ಭಾಗದ ವಿದ್ಯಾರ್ಥಿಗಳಲ್ಲಿದೆ, ಅದು ಹೋಗಬೇಕು.

ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಸೇರಿತು. ನಾವು ಅದರಲ್ಲಿ ಇರಲಿಲ್ಲ. ಬೆಳಗಾವಿ ಮತ್ತು ಬಾಗಲಕೋಟೆ ಸೇರಿದ್ದ ಅಂದಿನ ವಿಜಾಪುರ, ಎರಡೂ ಜಿಲ್ಲೆಗಳು ಮುಂಬಯಿಗೆ ಸೇರಿದ್ದವು. ನಮ್ಮ ಹಿರಿಯರು ಕಾರ್ಯವಿಧಾನ ಕಲಿತಿದ್ದು ಮುಂಬಯಿ ಶಾಸನಸಭೆಯಲ್ಲಿ. ನಮ್ಮ ಹುನಗುಂದ ಕ್ಷೇತ್ರವನ್ನು ಪ್ರತಿನಿಧಿಸಿದ ಎಸ್.ಆರ್. ಕಂಠಿ ಅವರು ಮುಂಬಯಿ ವಿಧಾನಸಭೆಯ ಉಪಸಭಾಧ್ಯಕ್ಷರಾಗಿದ್ದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಏಕೀಕೃತ ರಾಜ್ಯದ ವಿಧಾನಸಭೆಗೆ ಮೊದಲ ಸಭಾಧ್ಯಕ್ಷರಾದರು, 1962ರವರೆಗೆ ಆ ಪೀಠದಲ್ಲಿದ್ದರು. ಆ ಸದನವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಐದು ಆಡಳಿತಗಳಿಂದ ಬಂದವರು ಒಂದೇ ಸೂರಿನ ಕೆಳಗೆ ಕುಳಿತಿದ್ದರು, ಒಬ್ಬೊಬ್ಬರಿಗೆ ಒಂದೊಂದು ರೂಢಿ. ಅವರನ್ನು ಒಂದೇ ನಿಯಮಕ್ಕೆ ಒಗ್ಗಿಸಿದ ಪೀಠದಲ್ಲಿ ಕುಳಿತಿದ್ದವರು ನಮ್ಮ ಕಡೆಯವರು. ಜಮಖಂಡಿಯ ಬಿ.ಡಿ. ಜತ್ತಿ ಅವರೂ ಮುಂಬಯಿ ಶಾಸನಸಭೆಯಲ್ಲಿ ಪಳಗಿದವರೇ. ಮುಂದೆ ಮುಖ್ಯಮಂತ್ರಿಯಾದರು, 1974ರಿಂದ 1979ರವರೆಗೆ ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಸಭಾಪತಿ ಪೀಠದಲ್ಲಿ ಕುಳಿತರು.

ನಾನು ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗರೂ ತಲೆಯೆತ್ತಿ ಕೇಳುತ್ತಾರೆ.

ವಿಜಯಪುರದ ಎಂ.ಎ. ವಿದ್ಯಾರ್ಥಿನಿ:

ಗುರುಗಳೇ, ಕಂಠಿ ಅವರು ಸಭಾಧ್ಯಕ್ಷರಾಗಿದ್ದ ಕಾಲದ ನಡವಳಿಗಳ ಮೇಲೆ ಪ್ರಬಂಧ ಬರೆಯಬಹುದೇ? ನನ್ನ ಮಾರ್ಗದರ್ಶಕರು ವಿಷಯ ಹುಡುಕಿಕೊಂಡು ಬಾ ಎಂದು ಎರಡು ತಿಂಗಳಾಯಿತು.

ಹುನಗುಂದದ ಇತಿಹಾಸ ಮೇಷ್ಟ್ರು:

ಬರೆಯಬಹುದು ಎಂದಲ್ಲಮ್ಮ, ಬರೆಯಲೇಬೇಕು. ಆರು ವರ್ಷದ್ದನ್ನೂ ಹಿಡಿಯಬೇಡ. 1956ರ ಡಿಸೆಂಬರ್‌ನಿಂದ ಮೊದಲ ಒಂದು ವರ್ಷ ಮಾತ್ರ ತೆಗೆದುಕೋ. ಪೀಠದಿಂದ ಬಂದ ರೂಲಿಂಗ್‌ಗಳನ್ನಷ್ಟೇ ಓದು. ಯಾವ ಸದಸ್ಯರು 'ನಮ್ಮಲ್ಲಿ ಹೀಗಿರಲಿಲ್ಲ' ಎಂದು ಎದ್ದು ನಿಂತಿದ್ದಾರೋ ಅಲ್ಲಿ ಬೆರಳಿಡು. ನಿನ್ನ ಪ್ರಬಂಧ ಅಲ್ಲಿಂದ ಶುರುವಾಗುತ್ತದೆ.

ನವನಗರದ ವಕೀಲ, ಬಾಗಲಕೋಟೆ:

ವಿದ್ಯಾರ್ಥಿನಿಯ ಉತ್ತರ ಓದಿದೆ. ಮದ್ದಿನಂಗಡಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅಂಗಡಿ ತೆರೆದಿರುವ ಹೊತ್ತು ಕಡಿಮೆ ಎಂಬುದು ನಿಜವೇ. ಭರವಸೆಗಳ ಬಗ್ಗೆ ನೀವು ಹೇಳಿದ್ದನ್ನು ನಾನು 22 ವರ್ಷದ ವಕೀಲಿಯಲ್ಲಿ ಒಮ್ಮೆಯೂ ಬಳಸಿಲ್ಲ. ಮುಳುಗಡೆ ಸಂತ್ರಸ್ತರ ಪರಿಹಾರದ ಪ್ರಕರಣಗಳಲ್ಲಿ ನಾವು ಸರ್ಕಾರದ ಆದೇಶ, ಭೂಸ್ವಾಧೀನದ ಅಧಿಸೂಚನೆಗಳನ್ನು ಹಾಜರುಪಡಿಸುತ್ತೇವೆ, ಸದನದ ನಡವಳಿಗಳನ್ನು ತೆರೆದು ನೋಡುವುದೇ ಇಲ್ಲ. ಸದನದ ಮಾತಿನಿಂದ ಹಕ್ಕು ಹುಟ್ಟುವುದಿಲ್ಲ, ಅದು ಬೇರೆ. ಆದರೆ ಅಧಿಕಾರಿಯ ಎದುರು ಕುಳಿತಾಗ ಆ ಪುಟ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ನಮ್ಮ ವಕೀಲರ ಸಂಘದಲ್ಲಿ ಒಂದು ಶನಿವಾರ ನೀವು ಬಂದು ಇದನ್ನು ತೋರಿಸಿಕೊಡಬೇಕು. ಬಸ್ ಖರ್ಚು, ಊಟ, ಗೌರವಧನ ಎಲ್ಲ ನಮ್ಮದು. ಹಣವಿಲ್ಲದೆ ದುಡಿಸಿಕೊಳ್ಳುವುದು ನಮಗೂ ಸರಿ ಕಾಣುವುದಿಲ್ಲ.

ಬಸ್ತವಾಡದ ಭತ್ತದ ರೈತ:

ತಂಗಿ, ಸಾಲದ ಚೀಟಿ ಎಂದೆಯಲ್ಲ, ಆ ಮಾತು ನನಗೆ ಹಿಡಿಸಿತು. ನಿನ್ನೆ ರಾತ್ರಿ ಊರಿನ ಕಟ್ಟೆಯ ಮೇಲೆ ಓದಿ ಹೇಳಿದೆ. ಬಳ್ಳಾರಿ ನಾಲಾದ ಹೂಳು, ಒತ್ತುವರಿ ತೆಗೆಯುವ ಬಗ್ಗೆ ಒಂದು ಅಧಿವೇಶನದಲ್ಲಿ ಪ್ರಶ್ನೆ ಬಂದಿತ್ತು ಎಂದು ನಮ್ಮ ಹಿರಿಯರೊಬ್ಬರು ಹೇಳುತ್ತಾರೆ. ಆ ದಿನ ಅವರು ಗ್ಯಾಲರಿಯಲ್ಲಿದ್ದರಂತೆ. ಯಾವ ವರ್ಷ ಎಂದು ನೆನಪಿಲ್ಲ. ಹೊಸ ಕಟ್ಟಡ ಆದ ಮೇಲೆ, ಸುಗ್ಗಿ ಮುಗಿದು ಹುಲ್ಲಿನ ಬಣವೆ ಒಟ್ಟುವ ದಿನಗಳು ಎಂದರು. ಸಚಿವರು ಏನೋ ಮಾಡುತ್ತೇವೆ ಎಂದಿದ್ದರಂತೆ. ಇಷ್ಟರಿಂದ ಹುಡುಕಲು ಆಗುತ್ತದೆಯೇ?

ಶಹಾಪುರದ ಕಾನೂನು ವಿದ್ಯಾರ್ಥಿನಿ:

ಆಗುತ್ತದೆ ಕಾಕಾ. ಹೊಸ ಕಟ್ಟಡವೆಂದರೆ 2012ರ ಅಕ್ಟೋಬರ್ ನಂತರದ್ದು, ಸುಗ್ಗಿ ಮುಗಿದ ಮೇಲೆ ಎಂದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್. ಹುಡುಕಬೇಕಾದ ಅಧಿವೇಶನಗಳು ಬೆರಳೆಣಿಕೆಯಷ್ಟೇ ಉಳಿದವು. ಚುಕ್ಕೆ ಗುರುತಿನ ಪ್ರಶ್ನೆಯಾಗಿದ್ದರೆ ಸಚಿವರ ಬಾಯಿಮಾತಿನ ಉತ್ತರವೂ ಉಪಪ್ರಶ್ನೆಗಳೂ ನಡವಳಿಯಲ್ಲಿ ಇರುತ್ತವೆ. ಚುಕ್ಕೆ ರಹಿತವಾಗಿದ್ದರೆ ಲಿಖಿತ ಉತ್ತರ ಮಾತ್ರ. ಹಿರಿಯರು ಗ್ಯಾಲರಿಯಲ್ಲಿ ಕುಳಿತು ಕಿವಿಯಾರೆ ಕೇಳಿದ್ದರಿಂದ ಮೊದಲನೆಯದೇ ಇರಬೇಕು, ಇಲ್ಲವೇ ಗಮನ ಸೆಳೆಯುವ ಸೂಚನೆ. ಎರಡನ್ನೂ ನೋಡುತ್ತೇನೆ. ನಾಲಾದ ಹೆಸರನ್ನು ಕೆಲವು ಕಡೆ 'ಬಳ್ಳಾರಿ ನಾಲಾ' ಎಂದು, ಕೆಲವು ಕಡೆ 'ಹಳ್ಳ' ಎಂದು ಬರೆದಿರಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಿರಿಯರನ್ನು ಇನ್ನೊಂದು ಮಾತು ಕೇಳಿ ಹೇಳಿ: ಅಂದು ಪ್ರಶ್ನೆ ಕೇಳಿದವರು ಯಾವ ಕ್ಷೇತ್ರದವರು, ಮತ್ತು ಅವರು ಕುಳಿತಿದ್ದು ವಿಧಾನಸಭೆಯ ಗ್ಯಾಲರಿಯಲ್ಲೋ ಪರಿಷತ್ತಿನ ಗ್ಯಾಲರಿಯಲ್ಲೋ.

ಬಸ್ತವಾಡದ ಭತ್ತದ ರೈತ:

ಕೇಳಿದೆ. ಕ್ಷೇತ್ರ ನೆನಪಿಲ್ಲ. ಪೀಠದಲ್ಲಿದ್ದವರನ್ನು ಎಲ್ಲರೂ 'ಸಭಾಪತಿಗಳೇ' ಎಂದು ಕರೆಯುತ್ತಿದ್ದರಂತೆ.

ಶಹಾಪುರದ ಕಾನೂನು ವಿದ್ಯಾರ್ಥಿನಿ:

ಹಾಗಾದರೆ ಪರಿಷತ್ತು. ವಿಧಾನಸಭೆಯಲ್ಲಾಗಿದ್ದರೆ 'ಸಭಾಧ್ಯಕ್ಷರೇ' ಎನ್ನುತ್ತಿದ್ದರು. ಕಾಕಾ, ಹಿರಿಯರ ಆ ಒಂದು ನೆನಪಿನಿಂದ ಅರ್ಧ ಕೆಲಸ ಕಡಿಮೆಯಾಯಿತು. ಭಾನುವಾರ ಕುಳಿತು 2012ರಿಂದಲೇ ಶುರು ಮಾಡುತ್ತೇನೆ, ಸಿಕ್ಕ ಪುಟದ ಸಂಖ್ಯೆಯನ್ನು ಇಲ್ಲೇ ಬರೆಯುತ್ತೇನೆ. ವಿಜಯಪುರದ ತಂಗಿ, ನಿನಗೆ ಬಿಡುವಿದ್ದರೆ ಕೊನೆಯ ವರ್ಷಗಳಿಂದ ಹಿಂದಕ್ಕೆ ನೀನು ನೋಡುತ್ತಾ ಬಾ.